ಮೈಗೆ ಹತ್ತದ ಕಬ್ಬಿಣ

(ಗುರುತು ಸಿಗುವ ವಿವರಗಳನ್ನು ಬದಲಿಸಿದೆ.)

ನಮ್ಮಲ್ಲಿಗೆ ಆಹಾರ ಸಲಹೆಗೆ ಬಂದವರು ಹೊಸನಗರ ತಾಲ್ಲೂಕಿನ ಅಡಿಕೆ ತೋಟದ ಮನೆಯ ಸೊಸೆ, ವಯಸ್ಸು 27, ಸಸ್ಯಾಹಾರಿ. ಎರಡನೇ ಮಗುವಿಗೆ 14 ತಿಂಗಳು, ಇನ್ನೂ ಎದೆಹಾಲು ಬಿಟ್ಟಿಲ್ಲ. 8.9 ಗ್ರಾಂ ಇದ್ದ ಹಿಮೋಗ್ಲೋಬಿನ್ ನಾಲ್ಕು ತಿಂಗಳು ಕಬ್ಬಿಣದ ಮಾತ್ರೆ ನುಂಗಿದ ಮೇಲೂ 9.1. ಗರ್ಭಿಣಿಯಲ್ಲದ ಹೆಂಗಸಿಗೆ 12 ಇರಬೇಕು; 8ರಿಂದ 10.9ರವರೆಗಿನದು ಮಧ್ಯಮ ರಕ್ತಹೀನತೆ. ಜೊತೆಗೆ ಬಂದಿದ್ದ ಅತ್ತೆ ಮೊದಲೇ ತೀರ್ಪು ಕೊಟ್ಟರು: "ತೋಟದಲ್ಲಿ ಇಂಬಳ (ಜಿಗಣೆ) ಹತ್ತಿ ಹತ್ತಿ ಇವಳ ರಕ್ತ ಎಲ್ಲ ಹೋಯ್ತು." ಸೊಸೆಯದು ಒಂದೇ ಮಾತು: "ಆ ಮಾತ್ರೆ ನಂಗೆ ಹಿಡಿಯಲ್ಲ ಮೇಡಂ."

ಏನೇನು ತಿನ್ನುತ್ತೀರಿ ಎಂದು ಕೇಳಿದರೆ ತಪ್ಪು ಹುಡುಕಲು ಜಾಗವೇ ಇಲ್ಲ. ಹರಿವೆ, ನುಗ್ಗೆಸೊಪ್ಪು, ಹುರುಳಿ ಸಾರು, ಒಂದೆಲಗದ ತಂಬುಳಿ, ಎಲ್ಲ ಇದೆ. ಈ ಪ್ರಶ್ನೆಗೆ ಎಲ್ಲರ ಮನೆಯಲ್ಲೂ ಒಳ್ಳೆಯ ಉತ್ತರವೇ ಸಿಗುತ್ತದೆ. ಎಷ್ಟು ಗಂಟೆಗೆ, ಯಾವುದರ ಜೊತೆ ಎಂದು ಕೇಳಬೇಕು. ಎರಡನೇ ಭೇಟಿಯಲ್ಲಿ ಅತ್ತೆಯನ್ನು ಹೊರಗೆ ಕೂರಿಸಿ, ಹಿಂದಿನ ದಿನವನ್ನು ಗಂಟೆಗಂಟೆಯಾಗಿ ಬಿಡಿಸಿದೆವು.

ಬೆಳಿಗ್ಗೆ ಎಂಟೂವರೆಗೆ ದೋಸೆ, ಕಾಫಿ. ಮಾತ್ರೆಯ ಒಗರು ಗೊತ್ತಾಗಬಾರದೆಂದು ಅದೂ ಕಾಫಿಯಲ್ಲೇ. ಮರೆತುಹೋಗುತ್ತದೆಂದು ಕ್ಯಾಲ್ಸಿಯಂ ಮಾತ್ರೆಯೂ ಅದರ ಜೊತೆಗೇ. ಮಧ್ಯಾಹ್ನದ ಊಟದ ಬೆನ್ನಿಗೆ ಎಲೆಅಡಿಕೆ, ಮಲಗುವ ಮುಂಚೆ ಒಂದು ಲೋಟ ಹಾಲು. ಹೊಟ್ಟೆ ಉರಿ, ಕಪ್ಪು ಮಲ ನೋಡಿ ಹೆದರಿ ವಾರಕ್ಕೆ ಮೂರು ದಿನ ಮಾತ್ರೆ ತಪ್ಪಿಸಿ, ಮಾರನೇ ದಿನ ಎರಡು ನುಂಗಿ ಸರಿದೂಗಿಸುತ್ತಿದ್ದರು. ಕೊನೆಗೆ ತಲೆ ತಗ್ಗಿಸಿ ಇನ್ನೊಂದು ಹೇಳಿದರು: ಯಾರೂ ಇಲ್ಲದಾಗ ದಿನಾ ಎರಡು ಮುಷ್ಟಿ ಹಸಿ ಅಕ್ಕಿ ಮುಕ್ಕುತ್ತಾರೆ. ಅತ್ತೆ ಒಮ್ಮೆ ನೋಡಿ, "ಬರಗೆಟ್ಟವಳ ಹಾಗೆ ಎಂಥದಿದು" ಎಂದಿದ್ದರಂತೆ.

ಮೊದಲು ಆ ನಾಚಿಕೆ ಇಳಿಸಬೇಕಿತ್ತು. ಹಸಿ ಅಕ್ಕಿ, ಮಣ್ಣು, ಮಂಜುಗಡ್ಡೆ ತಿನ್ನಬೇಕೆನಿಸುವುದು ಕಬ್ಬಿಣದ ಕೊರತೆಯ ಲಕ್ಷಣವೇ ಹೊರತು ಚಾಳಿಯಲ್ಲ. ಇದನ್ನು ಅತ್ತೆಯನ್ನು ಒಳಗೆ ಕರೆದು, ಅವರೆದುರೇ ಇನ್ನೊಮ್ಮೆ ಹೇಳಿದೆವು. ಅವರು ಸುಮ್ಮನಾದರು.

ಕಬ್ಬಿಣ, ಸತು, ಅಯೋಡಿನ್ ಮೈಗೆ ಬೇಕಾಗುವುದು ಮಿಲಿಗ್ರಾಂ, ಮೈಕ್ರೋಗ್ರಾಂ ಲೆಕ್ಕದಲ್ಲಿ. ಹಾಗಾಗಿಯೇ ಒಂದು ಲೋಟ ಕಾಫಿಗೂ ಲೆಕ್ಕ ತಪ್ಪಿಸುವ ಶಕ್ತಿ ಇದೆ. ಕಾಫಿ, ಚಹಾ, ಅಡಿಕೆಯ ಒಗರು ಅಂಶ ಕಬ್ಬಿಣವನ್ನು ಕರುಳಲ್ಲೇ ಕಟ್ಟಿಹಾಕುತ್ತದೆ. ಹಾಲು, ಸುಣ್ಣ, ಕ್ಯಾಲ್ಸಿಯಂ ಮಾತ್ರೆ ಹೀರುವಿಕೆಗೆ ಅಡ್ಡ ಬರುತ್ತವೆ. ಊಟಕ್ಕೆ ಒಂದು ಗಂಟೆ ಮುಂಚೆ ಕುಡಿದ ಕಾಫಿಯಿಂದ ತೊಂದರೆ ಇಲ್ಲ. ಊಟವಾದ ಒಂದು ಗಂಟೆಗೆ ಕುಡಿದರೆ ಊಟದ ಜೊತೆ ಕುಡಿದಷ್ಟೇ ನಷ್ಟ. ಒಂದೇ ದಿನ ಎರಡು ಮಾತ್ರೆ ನುಂಗಿಯೂ ಸುಖವಿಲ್ಲ. ಮೊದಲನೆಯದು ಒಳಗೆ ಹೋದೊಡನೆ ಪಿತ್ತಜನಕಾಂಗ ಹೆಪ್ಸಿಡಿನ್ ಎಂಬ ಹಾರ್ಮೋನು ಹೆಚ್ಚಿಸಿ ಸುಮಾರು ಒಂದು ದಿನ ಬಾಗಿಲು ಓರೆ ಮಾಡುತ್ತದೆ.

ಇಂಬಳದ ಲೆಕ್ಕವನ್ನೂ ಅತ್ತೆಯ ಎದುರಿಗೇ ಹಾಕಿದೆವು. ಒಂದು ಮಿಲಿಲೀಟರ್ ರಕ್ತದಲ್ಲಿ ಸುಮಾರು ಅರ್ಧ ಮಿಲಿಗ್ರಾಂ ಕಬ್ಬಿಣ. ಇಂಬಳ ಹೀರುವುದು ಕೆಲವೇ ಮಿಲಿಲೀಟರ್. ಮುಟ್ಟಿನಲ್ಲಿ 80 ಮಿಲಿಲೀಟರ್ ಹೋದರೆ 40 ಮಿಲಿಗ್ರಾಂ ಹೋಯಿತು, ಕರುಳು ದಿನಕ್ಕೆ ಒಳಗೆ ತೆಗೆದುಕೊಳ್ಳುವುದು 1-2 ಮಿಲಿಗ್ರಾಂ. ಈಕೆಗೆ ಗಂಟುಗಂಟಾಗಿ ಹೋಗುತ್ತಿತ್ತು, ರಾತ್ರಿ ಎದ್ದು ಪ್ಯಾಡ್ ಬದಲಿಸಬೇಕಿತ್ತು. ಸ್ತ್ರೀರೋಗ ತಜ್ಞರ ಬಳಿ ಕಳಿಸಿದೆವು. ಒದ್ದೆ ತೋಟದಲ್ಲಿ ಬರಿಗಾಲಲ್ಲಿ ಓಡಾಡುವವರಾದ್ದರಿಂದ ಮಲ ಪರೀಕ್ಷೆಯನ್ನೂ ಕೇಳಿಕೊಂಡೆವು, ಕೊಕ್ಕೆಹುಳು ಪಾದದ ಚರ್ಮ ಕೊರೆದೇ ಒಳಗೆ ಬರುವುದು. ಮೊಟ್ಟೆಗಳು ಸಿಕ್ಕವು, ವೈದ್ಯರು 400 ಮಿಲಿಗ್ರಾಂ ಆಲ್ಬೆಂಡಜೋಲ್ ಕೊಟ್ಟರು. ಮೈಯಲ್ಲಿ ಕೂಡಿಟ್ಟ ಕಬ್ಬಿಣ ಎಷ್ಟೆಂದು ತೋರಿಸುವ ಫೆರಿಟಿನ್ 6, ಅಂದರೆ ದಾಸ್ತಾನು ಖಾಲಿ.

ಕೊಟ್ಟ ಸಲಹೆ ಇಷ್ಟು. 60 ಮಿಲಿಗ್ರಾಂ ಕಬ್ಬಿಣದ ಮಾತ್ರೆ ದಿನಕ್ಕೆ ಒಂದೇ, ರಾತ್ರಿ ಊಟವಾಗಿ ಎರಡು ಗಂಟೆ ಬಿಟ್ಟು, ಅರ್ಧ ನಿಂಬೆಹಣ್ಣು ಹಿಂಡಿದ ನೀರಿನಲ್ಲಿ. ಉರಿ ತಾಳಲಾಗದಿದ್ದರೆ ಊಟದ ಜೊತೆಗೇ ನುಂಗಿ, ಹೀರುವುದು ಕಡಿಮೆಯಾದರೂ ಬಿಡುವುದಕ್ಕಿಂತ ಮೇಲು. ತಪ್ಪಿದ ದಿನ ತಪ್ಪಿತು, ಮಾರನೇ ದಿನ ಎರಡು ಬೇಡ. ಮಲ ಕಪ್ಪಾಗುವುದು ಹೀರದೆ ಉಳಿದ ಕಬ್ಬಿಣದಿಂದ. ಕ್ಯಾಲ್ಸಿಯಂ ಮಧ್ಯಾಹ್ನಕ್ಕೆ, ಹಾಲು ಸಂಜೆಗೆ, ಕಾಫಿ ತಿಂಡಿಗೆ ಒಂದು ಗಂಟೆ ಮುಂಚೆ. ಹುರುಳಿಯನ್ನು ಮೊಳಕೆ ಕಟ್ಟಿಸಿ ಬೇಯಿಸಿದರೆ ಕಬ್ಬಿಣ, ಸತು ಎರಡನ್ನೂ ಹಿಡಿದಿಡುವ ಫೈಟೇಟ್ ಇಳಿಯುತ್ತದೆ. ನಿಂಬೆರಸ ಮಾತ್ರ ಒಲೆಯಿಂದ ಇಳಿಸಿದ ಮೇಲೆ, ಕುದಿಸಿದರೆ ಸಿ ಜೀವಸತ್ವ ನಷ್ಟ. ತೋಟಕ್ಕೆ ಗಂಬೂಟು. ಎಲೆಅಡಿಕೆಯನ್ನು ಬಾಯಿ ಕ್ಯಾನ್ಸರಿನ ಕಾರಣಕ್ಕೆ ಪೂರ್ತಿ ಬಿಡಿ ಎಂದೆವು. ಅಡಿಕೆ ಬೆಳೆಯುವ ಮನೆಯಲ್ಲಿ ಈ ಮಾತು ಸುಲಭಕ್ಕೆ ಇಳಿಯುವುದಿಲ್ಲ. ಊಟದ ಬೆನ್ನಿಗೆ ಬೇಡ ಎಂಬಲ್ಲಿಗೆ ಸದ್ಯ ಒಪ್ಪಂದವಾಯಿತು. ಕೆಂಪು ಸಕ್ಕರೆ ಲೇಪದ ಮಾತ್ರೆ ಮಗುವಿಗೆ ಪೆಪ್ಪರ್ಮೆಂಟಿನಂತೆ ಕಾಣುತ್ತದೆ, ಹಲವು ನುಂಗಿದರೆ ಪ್ರಾಣಕ್ಕೇ ಅಪಾಯ. ಬೀಗದ ಕಪಾಟಿನಲ್ಲಿಡಿ.

ಉಪ್ಪಿನ ಮಾತು ಕೊನೆಗೆ ಬಂತು. ಹರಳುಪ್ಪನ್ನು ಒಲೆಯ ಪಕ್ಕ, ಮುಚ್ಚಳವಿಲ್ಲದ ಮರಿಗೆಯಲ್ಲಿಡುತ್ತಿದ್ದರು, ಮಳೆಗಾಲದಲ್ಲಿ ನೀರೊಡೆಯುತ್ತಿತ್ತು. ಅಯೋಡಿನ್ ಆ ನೀರಿನೊಂದಿಗೇ ಹೋಗುತ್ತದೆ. ಬಳಸುವ ಉಪ್ಪಿನಲ್ಲಿ ಕನಿಷ್ಠ 15 ಪಿಪಿಎಂ, ಅಂದರೆ ಗ್ರಾಮಿಗೆ 15 ಮೈಕ್ರೋಗ್ರಾಂ ಅಯೋಡಿನ್ ಇರಬೇಕು. ಹಾಲೂಡಿಸುವವರಿಗೆ ದಿನಕ್ಕೆ 250 ಮೈಕ್ರೋಗ್ರಾಂ ಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಹಾಗೆಂದು ಉಪ್ಪು ಹೆಚ್ಚು ತಿನ್ನುವುದಲ್ಲ, ಅಯೋಡಿನ್ ಉಳಿಸಿಕೊಳ್ಳುವುದು: ಅಯೋಡಿನ್‌ಯುಕ್ತ ಪುಡಿ ಉಪ್ಪು, ಬಿಗಿ ಮುಚ್ಚಳದ ಡಬ್ಬಿ, ಒಲೆಯಿಂದ ದೂರ. ಕಬ್ಬಿಣ ಕಡಿಮೆಯಿದ್ದರೆ ಥೈರಾಯ್ಡ್ ಅಯೋಡಿನ್ನನ್ನು ಸರಿಯಾಗಿ ಬಳಸಿಕೊಳ್ಳಲಾರದು. ಅದಕ್ಕೇ ಥೈರಾಯ್ಡಿನ ರಕ್ತಪರೀಕ್ಷೆ ಟಿಎಸ್‌ಎಚ್ ಕೂಡ ಮಾಡಿಸಿದ್ದು. ಅದು ಸರಿ ಇತ್ತು.

ಎರಡು ವಾರಕ್ಕೆ ಅಕ್ಕಿಯ ಆಸೆ ನಿಂತಿತು. ನಾಲ್ಕು ವಾರಕ್ಕೆ ಹಿಮೋಗ್ಲೋಬಿನ್ 10.3, ತಿಂಗಳಲ್ಲಿ ಒಂದು ಗ್ರಾಂ ಏರದಿದ್ದರೆ ಮತ್ತೆ ವೈದ್ಯರಲ್ಲಿಗೆ ಹೋಗಿ ಎಂದಿದ್ದೆವು, ಆ ಪ್ರಮೇಯ ಬರಲಿಲ್ಲ. ಮೂರನೇ ತಿಂಗಳು 12.1 ಆದಾಗ ಇನ್ನು ಮಾತ್ರೆ ಸಾಕಲ್ಲವೇ ಎಂದು ಅತ್ತೆಯೇ ಕೇಳಿದರು. ಇನ್ನೂ ಮೂರು ತಿಂಗಳು ಬೇಕು ಎಂದೆವು. ರಕ್ತ ತುಂಬಿದ ಮೇಲಷ್ಟೇ ದಾಸ್ತಾನು ತುಂಬುವುದು.