ಸಮಿತಿ ಇದೆ, ನೀರೆಲ್ಲಿ?

ಪ್ರಶ್ನೆ: ನಮ್ಮದು ಮಧುಗಿರಿ ತಾಲ್ಲೂಕಿನ ಒಂದು ಹಳ್ಳಿ. ಮನೆಮನೆಗೆ ನಲ್ಲಿ ಬಂದಿದೆ, ನೀರಿನ ಸಮಿತಿಯೂ ಆಗಿದೆ. ಆದರೂ ಬೇಸಿಗೆಯಲ್ಲಿ ಕೊಳವೆಬಾವಿ ಕೈಕೊಡುತ್ತದೆ. ಕೊನೆಯ ಬೀದಿಗಂತೂ ನೀರು ಏರುವುದೇ ಇಲ್ಲ. ಇಂಥ ಸಮಿತಿಯಿಂದ ಏನು ಪ್ರಯೋಜನ?
– ಓದುಗರೊಬ್ಬರು

ಉತ್ತರ: ಸಮಿತಿ ಮಳೆ ತರಿಸಲಾರದು. ಇರುವ ನೀರು ಯಾವುದಕ್ಕೆ ಎಷ್ಟು ಎಂಬ ತೀರ್ಮಾನ ಅದರ ಕೈಯಲ್ಲಿದೆಯೇ ಎಂಬುದನ್ನು ನೀವು ಮೊದಲು ವಿಚಾರಿಸಬೇಕು. ಮಹಾರಾಷ್ಟ್ರದ ಹಿವರೆ ಬಜಾರ್‌ನಲ್ಲಿ ಬೀಳುವ ಮಳೆ ವರ್ಷಕ್ಕೆ ಸುಮಾರು 400 ಮಿಲಿಮೀಟರ್, ನಿಮ್ಮ ಸೀಮೆಗಿಂತಲೂ ಕಡಿಮೆ. ಪೋಪಟ್‌ರಾವ್ ಪವಾರ್ ಅವರು ಸರಪಂಚರಾದ (ಅಂದರೆ ಗ್ರಾಮ ಪಂಚಾಯಿತಿ ಅಧ್ಯಕ್ಷರಾದ) ಮೇಲೆ ಆ ಊರಿನವರು ಗುಡ್ಡಗಳಲ್ಲಿ ಬದು, ಇಂಗುಗುಂಡಿಗಳನ್ನು ತೆಗೆದದ್ದು ಎಲ್ಲರಿಗೂ ಗೊತ್ತು. ಆದರೆ ಅಲ್ಲಿನ ನಿಜವಾದ ಬಿಗಿ ಇರುವುದು ಲೆಕ್ಕದಲ್ಲಿ. ಮಳೆಗಾಲ ಮುಗಿದೊಡನೆ ಮಳೆಯ ಪ್ರಮಾಣವನ್ನೂ ಬಾವಿಗಳ ಮಟ್ಟವನ್ನೂ ಗ್ರಾಮಸಭೆಯ ಮುಂದಿಟ್ಟು, ಜನ ಜಾನುವಾರುಗಳ ಕುಡಿಯುವ ನೀರನ್ನು ಮೊದಲು ತೆಗೆದಿರಿಸಿ, ಉಳಿದದ್ದಕ್ಕೆ ತಕ್ಕಂತೆ ಬೆಳೆ ನಿರ್ಧರಿಸುತ್ತಾರೆ. ಬೇಸಾಯಕ್ಕೆ ಕೊಳವೆಬಾವಿ ಕೊರೆಯುವಂತಿಲ್ಲ, ಕಬ್ಬು ಬಾಳೆ ಹಾಕುವಂತಿಲ್ಲ.

ಈ ಪದ್ಧತಿ ನಮಗೂ ಹೊಸತಲ್ಲ. ಕೋಲಾರದ ಕಡೆ ಕೆರೆ ಪೂರ್ತಿ ತುಂಬದ ವರ್ಷ ಅಚ್ಚುಕಟ್ಟಿನಲ್ಲಿ ಎಷ್ಟು ಗದ್ದೆ ನಾಟಿ ಮಾಡಬೇಕೆಂದು ಊರು ಕೂತು ತೀರ್ಮಾನಿಸುತ್ತಿತ್ತು; ಅದರಂತೆ ತೂಬು ಎತ್ತುವವನು ನೀರುಗಂಟಿ. ಸುಗ್ಗಿಯಲ್ಲಿ ಪ್ರತಿ ಕಣದಿಂದಲೂ ಅವನಿಗೆ ಧಾನ್ಯ ಸಲ್ಲುತ್ತಿದ್ದುದರಿಂದ ಅವನು ಯಾರೊಬ್ಬರ ಆಳಾಗಿರಲಿಲ್ಲ. (ಹಾಗೆಂದು ಅದನ್ನು ಹಾಡಿ ಹೊಗಳಬೇಕಿಲ್ಲ: ದುಡಿಮೆ ಬಹುಮಟ್ಟಿಗೆ ದಲಿತರ ಪಾಲಿಗೆ, ಮಾತು ಜಮೀನುದಾರರ ಪಾಲಿಗೆ ಇತ್ತು.)

ಮನೆಮನೆಗೆ ನಲ್ಲಿ ನೀರು ಕೊಡುವ ಕೇಂದ್ರದ ಯೋಜನೆಯಾದ ಜಲಜೀವನ್ ಮಿಷನ್ನಿನ ಮಾರ್ಗಸೂಚಿಯಂತೆ ನಿಮ್ಮ ಸಮಿತಿಯಲ್ಲಿ 10ರಿಂದ 15 ಸದಸ್ಯರಿದ್ದು, ಅರ್ಧದಷ್ಟು ಮಹಿಳೆಯರಿರಬೇಕು. ಅವರು ಯಾರೆಂದು ಪಂಚಾಯಿತಿಯಲ್ಲಿ ಕೇಳಿ ತಿಳಿದುಕೊಳ್ಳಿ. ಇನ್ನು ಕೊಳವೆಬಾವಿಯ ಮಾತು: ಸಾರ್ವಜನಿಕ ಕುಡಿಯುವ ನೀರಿನ ಮೂಲದಿಂದ 500 ಮೀಟರ್ ಒಳಗೆ ಅನುಮತಿಯಿಲ್ಲದೆ ಬಾವಿ ತೋಡಬಾರದೆಂದು ಕರ್ನಾಟಕದ 1999ರ ಅಂತರ್ಜಲ ಅಧಿನಿಯಮ ಹೇಳುತ್ತದೆ. ಪಕ್ಕದ ಅಡಿಕೆ ತೋಟದಲ್ಲಿ ಹೊಸ ಬೋರು ಬಿದ್ದಿದ್ದರೆ, ಬಾಯಿಮಾತಿನ ಜಗಳಕ್ಕಿಂತ ಸಮಿತಿಯ ಲಿಖಿತ ದೂರು ಹೆಚ್ಚು ಕೆಲಸ ಮಾಡೀತು.

ಕೊನೆಯ ಬೀದಿಯ ಸಮಸ್ಯೆಗೆ ನೀರಿನ ಕೊರತೆಯೊಂದೇ ಕಾರಣವಾಗಿರಲಿಕ್ಕಿಲ್ಲ. ಮೊದಲ ಮನೆಗಳವರು ನಲ್ಲಿಗೆ ಮೋಟರ್ ಹಚ್ಚಿ ಎಳೆಯುತ್ತಿದ್ದಾರೆಯೇ ಎಂದು ನೋಡಿ. ಆಮೇಲೆ ಬೀದಿಗೊಂದು ಸರದಿ ಗೊತ್ತುಮಾಡಿ, ವಾರದಲ್ಲಿ ಎರಡು ದಿನವಾದರೂ ಮೊದಲ ಸರದಿಯನ್ನು ಕೊನೆಯ ಬೀದಿಗೇ ಕೊಡಿಸಿ, ಆ ವೇಳಾಪಟ್ಟಿಯನ್ನು ವಾಲ್ವ್ ತಿರುಗಿಸುವವರ ಕೈಗೂ ಶಾಲೆಯ ಗೋಡೆಗೂ ಸೇರಿಸಿ.