ಹಳೇ ಲೈವ್ ರಾಕ್ ತೂಕಕ್ಕ ಹಾಕೋಕಿಂತ ಮೊದ್ಲ ಕೇಳ್ರಿ

ಪ್ರಶ್ನೆ: ನಮಸ್ಕಾರ್ರಿ ಸರ್. ನಾಕು ವರ್ಷದಿಂದ ಗೋಲ್ಡ್ ಫಿಶ್ ಸಾಕೀನಿ, ಈಗ 120 ಲೀಟರ್‌ದು ಉಪ್ಪುನೀರಿನ ಟ್ಯಾಂಕ್ ಮಾಡೋ ಆಸೆ ಐತಿ. ಧಾರವಾಡದಾಗ ಪರಿಚಯದವ್ರೊಬ್ರು ಟ್ರಾನ್ಸ್‌ಫರ್ ಆಗಿ ಹೊಂಟಾರ, ಅವ್ರ ಟ್ಯಾಂಕಿನ ಲೈವ್ ರಾಕ್ (ಬ್ಯಾಕ್ಟೀರಿಯಾ, ಸಣ್ಣ ಜೀವಿ ತುಂಬಿರೋ ಸಮುದ್ರದ ಕಲ್ಲು) 15 ಕೆಜಿ ಕಡಿಮಿ ರೇಟಿಗೆ ಕೊಡ್ತೀನಿ ಅಂದಾರ. ತಗೋಬಹುದಾ? ತಂದಮ್ಯಾಲೆ ಕುದಿಯೋ ನೀರಾಗ ಹಾಕಿ ಸ್ವಚ್ಛ ಮಾಡು ಅಂತ ಗೆಳ್ಯಾ ಹೇಳ್ತಾನ.
- ಓದುಗರು, ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ಮೊದ್ಲ ಕುದಿಸೋ ವಿಷಯ ಹೇಳಿಬಿಡ್ತೀನ್ರಿ, ಅದನ್ನ ಮಾತ್ರ ಯಾವ ಕಾರಣಕ್ಕೂ ಮಾಡಬ್ಯಾಡ್ರಿ. ಈ ಕಲ್ಲಿನ ಮ್ಯಾಲೆ ಝೋಆಂಥಿಡ್ ಅನ್ನೋ ಅಂಗಿ ಗುಂಡಿಯಷ್ಟು ಸಣ್ಣ ಜೀವಿ ಅಂಟ್ಕೊಂಡಿರ್ತಾವು, ಅದರಾಗ ಕೆಲವಕ್ಕ ಪ್ಯಾಲಿಟಾಕ್ಸಿನ್ ಅಂತ ಭಾಳ ಕೆಟ್ಟ ವಿಷ ಇರ್ತೈತಿ, ಕುದಿಸಿದ್ರ ಹಬಿ ಜೊತಿಗೆ ಮೂಗಿಗೆ ಹೋಗಿ ಮನಿಮಂದಿ ಎಲ್ಲಾ ದವಾಖಾನಿ ಸೇರಿದ್ದು ಹೊರದೇಶದಾಗ ಆಗೇತಿ. ಕಲ್ಲು ಮುಟ್ಟುವಾಗ್ಲೂ ಕೈಗೆ ಗ್ಲೌಸ್ ಇರ್ಲಿ. ಮತ್ತ ನೀವು ರೊಕ್ಕ ಕೊಡೋದು ಕಲ್ಲಿಗಲ್ರಿ, ಅದರ ತೂತಿನಾಗ ಇರೋ ಬ್ಯಾಕ್ಟೀರಿಯಾಕ್ಕ. ಮೀನಿನ ಹೊಲಸಿನಿಂದ ಆಗೋ ಅಮೋನಿಯಾನ ನೈಟ್ರೈಟ್ ಮಾಡಿ (ಎರಡೂ ಮೀನಿಗೆ ವಿಷ), ಅದನ್ನ ಅಷ್ಟು ತ್ರಾಸು ಕೊಡದ ನೈಟ್ರೇಟ್ ಮಾಡೋದು ಅವೇ. ಕುದಿಸಿದ್ರ ಅವೂ ಹೋದವು.

ಇನ್ನ ಅವ್ರನ್ನ ಒಂದು ಮಾತು ನೇರ ಕೇಳ್ರಿ, ಈ ಟ್ಯಾಂಕಿಗೆ ಯಾವಾಗರ ಕಾಪರ್ ಔಷಧಿ ಹಾಕೀರೇನು ಅಂತ. ಮೀನಿಗೆ ಬಿಳಿ ಚುಕ್ಕಿ ರೋಗ ಬಂದ್ರ ಬಹಳ ಮಂದಿ ಅದನ್ನೇ ಹಾಕ್ತಾರ, ಕಲ್ಲು ಅದನ್ನ ಹೀರ್ಕೊಂಡು ಆಮ್ಯಾಲೆ ಸ್ವಲ್ಪ ಸ್ವಲ್ಪ ಬಿಡ್ತಾ ಇರ್ತೈತಿ, ಮೀನು ತಡ್ಕೊಂಡರೂ ಸೀಗಡಿ, ಬಸವನಹುಳ, ಹವಳ ತಡ್ಯಂಗಿಲ್ಲ. ನಾನು ಒಮ್ಮೆ ಕೇಳದ ಹಂಗ ತಂದಿದ್ದೆ, ಬಿಟ್ಟ ಬಸವನಹುಳ ಒಂದೂ ಉಳೀಲಿಲ್ಲ, ಇವತ್ತಿಗೂ ಅದು ಮನಸಿಗೆ ಹತ್ತೇತಿ. ಹೌದು ಅಂದ್ರ, ಅಥವಾ ನೆನಪಿಲ್ಲ ಅಂದ್ರೂ, ಪುಕ್ಕಟೆ ಕೊಟ್ರೂ ಬ್ಯಾಡ.

ಆಮ್ಯಾಲೆ ಒಂದು ಕಲ್ಲು ಎತ್ತಿ ಮೂಸಿ ನೋಡ್ರಿ. ಸಮುದ್ರದ ದಂಡಿ ವಾಸನಿ ಬಂದ್ರ ಛಲೋ, ಕೊಳೆತ ತತ್ತಿ ವಾಸನಿ ಬಂದ್ರ ಒಳಗಿಂದು ಸತ್ತೈತಿ. ಸಣ್ಣ ತಾಳೆಮರದಂಗ ಕಂದು ಬಣ್ಣದ್ದು ಏನರ ಕಂಡ್ರ ಅದು ಐಪ್ಟೇಸಿಯಾ ಅನ್ನೋ ಕಾಟದ ಜೀವಿ, ಕಿತ್ತಷ್ಟೂ ತುಂಡಿನಿಂದ ಮತ್ತ ಬೆಳೀತೈತಿ, ಅಂಥಾ ಕಲ್ಲು ಅಲ್ಲೇ ಬಿಡ್ರಿ. ಲೀಟರಿಗೆ 120 ಗ್ರಾಂ ಅಂತ ಹಳೇ ಲೆಕ್ಕ, ನಿಮಗ 14-15 ಕೆಜಿ ಆಗ್ತೈತಿ, ಹಗುರ, ತೂತು ಜಾಸ್ತಿ ಇರೋ ಕಲ್ಲಾದ್ರ ಇನ್ನೂ ಕಡಿಮಿ ಸಾಕು.

ಧಾರವಾಡದಿಂದ 20 ಕಿಲೋಮೀಟರ್ ದಾರಿ, ಅವ್ರ ಟ್ಯಾಂಕಿನ ನೀರಾಗೇ ಪೇಪರ್ ತೋಯ್ಸಿ ಸುತ್ತಿ ಥರ್ಮಾಕೋಲ್ ಡಬ್ಬಿಯಾಗ ತರ್ರಿ, ಬಿಸಿಲೇರೋದ್ರೊಳಗ ಮನಿ ಮುಟ್ರಿ. ನಳದ ನೀರಾಗ ತೊಳೀಬ್ಯಾಡ್ರಿ, ಕ್ಲೋರಿನ್ ಇರ್ತೈತಿ. ಸೀದಾ ಟ್ಯಾಂಕಿಗೂ ಹಾಕಬ್ಯಾಡ್ರಿ, ಆರ್‌ಓ ನೀರಿಗೆ ಲೀಟರಿಗೆ ಸುಮಾರು 35 ಗ್ರಾಂ ಮರೀನ್ ಸಾಲ್ಟ್ ಕಲಿಸಿ (ಅಡಗಿ ಉಪ್ಪು ಅಲ್ಲ), ಒಂದು ದೊಡ್ಡ ಟಬ್ಬಿನಾಗ ಇಟ್ಟು, ಪವರ್‌ಹೆಡ್ (ನೀರು ತಿರುಗಿಸೋ ಸಣ್ಣ ಪಂಪ್) ಓಡಿಸಿ, ಲೈಟ್ ಹಾಕದ ಹಂಗ ಕಾಯ್ರಿ, ಸಾಗಿಸುವಾಗ ಏನರ ಸತ್ತಿದ್ರ ಅಮೋನಿಯಾ ಏರ್ತೈತಿ, ಏರಿದಾಗ ನೀರು ಬದಲಿ ಮಾಡ್ರಿ. ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಬಂದು ಒಂದ್ ವಾರ ಹಂಗೇ ನಿಂತ್ರ ಟ್ಯಾಂಕಿಗೆ ಇಡ್ರಿ. ಅದಕ್ಕ ವಾರಗಟ್ಟಲೆ ಹಿಡೀಬಹುದು, ಮೀನು ತರೋ ಗಡಿಬಿಡಿ ಮಾಡಬ್ಯಾಡ್ರಿ.

ಪ್ರಶ್ನೆ: ಕಾರವಾರ, ಮುರ್ಡೇಶ್ವರ ಕಡೆ ಹೋದಾಗ ಸಮುದ್ರದಿಂದಾನ ಕಲ್ಲು ತಂದ್ರ ಆಗಂಗಿಲ್ಲೇನ್ರಿ?
- ಓದುಗರು, ಗದಗ

ಉತ್ತರ: ಬ್ಯಾಡ್ರಿ. ಮುರ್ಡೇಶ್ವರದ ಹತ್ರ ಇರೋ ನೇತ್ರಾಣಿ ದ್ವೀಪದ ಸುತ್ತಲೂ ಹವಳ ಅದಾವು, ಕಲ್ಲು ಅಂತ ಎತ್ತಿದ್ದು ಹವಳಾನ ಇರಬಹುದು, ಗಟ್ಟಿ ಹವಳಕ್ಕ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಹುಲಿಗೆ ಇದ್ದಂಗ ಒಂದನೇ ಅನುಸೂಚಿಯ ರಕ್ಷಣೆ ಐತಿ. ಹಳೇದು ಕೊಳ್ಳುವಾಗ್ಲೂ ಮೂಲ ಎಲ್ಲಿಂದು ಅಂತ ಕೇಳಿ ಬಿಲ್ ನೋಡ್ರಿ. ಅನುಮಾನ ಬಂದ್ರ ಸಿರಾಮಿಕ್‌ನಾಗ ಮಾಡಿದ ಒಣ ಕಲ್ಲು ತಗೊಂಡು ಬಾಟಲಿಯಾಗ ಸಿಗೋ ಬ್ಯಾಕ್ಟೀರಿಯಾ ಹಾಕ್ರಿ, ಒಂದೆರಡು ತಿಂಗಳು ತಡ ಆಗಬಹುದು, ಆದ್ರ ಐಪ್ಟೇಸಿಯಾನೂ ಇಲ್ಲ, ಕಾಪರ್ ಭಯಾನೂ ಇಲ್ಲ.