ಚೂಪು ಬ್ರಾಕೆಟ್ಟೋ, ಚೌಕ ಬ್ರಾಕೆಟ್ಟೋ?

ಪ್ರಶ್ನೆ: ನಾವು ಮೂವರು ಗೆಳೆಯರು ಕೊನೆಯ ವರ್ಷದ ಪ್ರಾಜೆಕ್ಟಿಗೆ ಒಂದು ಪುಟ್ಟ ಪ್ರೋಗ್ರಾಮಿಂಗ್ ಭಾಷೆ ಕಟ್ಟುತ್ತಿದ್ದೇವೆ. ಜೆನೆರಿಕ್ಸ್ ಬರೆಯಲು ಒಬ್ಬನಿಗೆ ಜಾವಾದ ಹಾಗೆ < > ಬೇಕು. ನನಗೆ ಗೋ ಭಾಷೆಯ ಹಾಗೆ [ ] ಇಷ್ಟ. ಮೂರನೆಯವ ( ) ಸಾಕಲ್ವಾ ಅನ್ನುತ್ತಾನೆ. ಒಂದು ತಿಂಗಳಿಂದ ಇದೇ ಜಗಳ. ಯಾವುದು ಸರಿ?
– ಓದುಗ, ಮಣಿಪಾಲ

ಉತ್ತರ: ಒಂದೇ ತಿಂಗಳಾ ಮಾರಾಯ್ರೇ? ಗೋ ಭಾಷೆಯವರು ವರ್ಷಗಟ್ಟಲೆ ಚರ್ಚೆ ಮಾಡಿದ್ದಾರೆ!

ಉಳಿದ ಓದುಗರಿಗಾಗಿ ಎರಡು ಮಾತು. ಅಡುಗೆಮನೆಯ ಸ್ಟೀಲ್ ಡಬ್ಬ ನೆನಪಿಸಿಕೊಳ್ಳಿ. ಡಬ್ಬ ಒಂದೇ ಥರ, ಇದು ಕುಚ್ಚಲಕ್ಕಿಗೆ, ಇದು ತೊಗರಿಬೇಳೆಗೆ ಅಂತ ಮೇಲೆ ಚೀಟಿ. ಜೆನೆರಿಕ್ಸ್ ಅಂದರೆ ಅಂಥ ಡಬ್ಬ: ಕೋಡ್ ಒಂದೇ, ಒಳಗೆ ಹಾಕುವ ಮಾಹಿತಿಯ ಬಗೆ (ಟೈಪ್) ಯಾವುದು ಅಂತ ಹೇಳುವುದು ಚೀಟಿ. ಜಗಳ ಇರುವುದು ಚೀಟಿ ಎಲ್ಲಿ, ಹೇಗೆ ಅಂಟಿಸಬೇಕು ಅಂತ.

< > ಕಣ್ಣಿಗೆ ಚೆಂದ, ಅಭ್ಯಾಸವೂ ಇದೆ. ಸಿ ಪ್ಲಸ್ ಪ್ಲಸ್‌ನಲ್ಲಿ ಇತ್ತು, 2004ರಲ್ಲಿ ಜಾವಾಕ್ಕೂ ಬಂತು. ಆದರೆ ಅದೇ ಚಿಹ್ನೆ 'ಕಡಿಮೆ', 'ಜಾಸ್ತಿ' ಅನ್ನಲಿಕ್ಕೂ ಬೇಕಲ್ಲ. 2008ರಲ್ಲಿ ನಾನು ಮಂಗಳೂರಿನ ಬಿಜೈಯಲ್ಲಿ ಒಂದು ಸಣ್ಣ ಕಂಪನಿಯಲ್ಲಿದ್ದೆ. ಜೋರು ಮಳೆ, ಗಂಟೆಗೊಮ್ಮೆ ಕರೆಂಟ್ ಹೋಗುತ್ತಿತ್ತು. ಸಿ ಪ್ಲಸ್ ಪ್ಲಸ್‌ನಲ್ಲಿ ಪಟ್ಟಿಯೊಳಗೆ ಪಟ್ಟಿ ಬೇಕು ಅಂತ ಪಟ್ಟಿ<ಪಟ್ಟಿ<ಸಂಖ್ಯೆ>> ಎಂಬ ಧಾಟಿಯಲ್ಲಿ ಬರೆದೆ. ಪರದೆ ತುಂಬ ಎರರ್. ಕೊನೆಯ >> ಅನ್ನು ಕಂಪೈಲರ್ (ಕೋಡನ್ನು ಯಂತ್ರದ ಭಾಷೆಗೆ ತಿರುಗಿಸುವ ಪ್ರೋಗ್ರಾಮ್) ಬಿಟ್‌ಗಳನ್ನು ಬಲಕ್ಕೆ ಸರಿಸುವ ಚಿಹ್ನೆ ಅಂದುಕೊಂಡಿತ್ತು. ನಡುವೆ ಒಂದು ಸ್ಪೇಸ್ ಬಿಟ್ಟರೆ ಮುಗಿಯುತ್ತಿತ್ತು. ಅದು ತಿಳಿಯುವಷ್ಟರಲ್ಲಿ ಮಧ್ಯಾಹ್ನದ ಊಟದ ಹೊತ್ತು ದಾಟಿತ್ತು. ಸಿ ಪ್ಲಸ್ ಪ್ಲಸ್‌ನ 2011ರ ಸ್ಟ್ಯಾಂಡರ್ಡ್‌ನಲ್ಲಿ ಇದನ್ನು ಸರಿಪಡಿಸಿದರು. ನನ್ನ ಊಟ ಮಾತ್ರ ವಾಪಸ್ ಬರಲಿಲ್ಲ.

ಇನ್ನೂ ದೊಡ್ಡ ತೊಡಕು ಬೇರೆ ಇದೆ. ಕರೆ(ಅ < ಆ, ಇ > (ಈ)) ಅಂತ ಬರೆದಿರಿ ಅನ್ನಿ. ಇದು ಎರಡು ಹೋಲಿಕೆಗಳಾ? ಅಥವಾ ಆ, ಇ ಅನ್ನುವ ಎರಡು ಟೈಪ್ ಕೊಟ್ಟು ಅ ಅನ್ನುವ ಫಂಕ್ಷನ್ ಕರೆದದ್ದಾ? ಯಾವ ಹೆಸರು ಟೈಪು ಅಂತ ಗೊತ್ತಿಲ್ಲದೆ ಪಾರ್ಸರ್, ಅಂದರೆ ಕಂಪೈಲರಿನಲ್ಲಿ ಕೋಡಿನ ವ್ಯಾಕರಣ ಬಿಡಿಸುವ ಭಾಗ, ಹೇಳಲಾರದು. ಸಿ ಶಾರ್ಪ್ ಭಾಷೆ > ಆದಮೇಲೆ ಏನು ಬರುತ್ತದೆ ಅಂತ ಇಣುಕಿ ನೋಡಿ ತೀರ್ಮಾನಿಸುತ್ತದೆ. ರಸ್ಟ್ ಭಾಷೆಯವರು ಇಂಥ ಕಡೆ ::<> ಬರೆಸುತ್ತಾರೆ. ಅದಕ್ಕೆ ಟರ್ಬೋಫಿಶ್ ಅಂತ ಹೆಸರು. ಬಂಗುಡೆ ತಿಂದು ಬೆಳೆದ ನನಗೆ ಅದರಲ್ಲಿ ಮೀನು ಕಾಣಲಿಕ್ಕೆ ಸ್ವಲ್ಪ ಹೊತ್ತೇ ಬೇಕಾಯಿತು.

ನಿಮ್ಮ ಮೂರನೇ ಗೆಳೆಯ ದಡ್ಡನಲ್ಲ. ಗೋ ತಂಡದವರೂ ಮೊದಲ ಕರಡುಗಳಲ್ಲಿ ( ) ಇಟ್ಟಿದ್ದರು. ಆವರಣಗಳ ರಾಶಿಯಲ್ಲಿ ಓದುವುದೇ ಕಷ್ಟವಾಗಿ ಬಿಟ್ಟರು. 2022ರ ಮಾರ್ಚ್‌ನಲ್ಲಿ ಗೋದ 1.18 ಆವೃತ್ತಿ ಬಂದಾಗ ಇದ್ದದ್ದು [ ].

ಹಾಗಾಗಿ ನನ್ನ ವೋಟು ನಿಮಗೇ. ಆದರೆ ಬೀಗಬೇಡಿ. ಅರೇಯ, ಅಂದರೆ ಸಾಲಾಗಿ ಜೋಡಿಸಿಟ್ಟ ಮಾಹಿತಿಯ, ಮೂರನೇ ಅಂಶ ಬೇಕಾದರೆ ಏನು ಬರೆಯುತ್ತೀರಿ? ಅಲ್ಲೂ [ ] ಬರುತ್ತದಲ್ಲ! ಸ್ಕಾಲಾ ಭಾಷೆಯವರು ಅರೇಗೆ ( ) ಕೊಟ್ಟು, ಟೈಪಿಗೆ [ ] ಉಳಿಸಿಕೊಂಡರು. ಗೋದಲ್ಲಿ ಎರಡಕ್ಕೂ [ ], ಅದರಿಂದ ಕೆಲವು ಕಡೆ ಗೊಂದಲ ಇದ್ದೇ ಇದೆ.

ಒಂದು ಕೆಲಸ ಮಾಡಿ. ಐವತ್ತು ಸಾಲಿನ ಒಂದೇ ಪ್ರೋಗ್ರಾಮನ್ನು ಮೂರೂ ಬಗೆಯಲ್ಲಿ ಕಾಗದದ ಮೇಲೆ ಬರೆದು, ನಿಮ್ಮ ಜಗಳ ಗೊತ್ತಿಲ್ಲದ ಒಬ್ಬ ಜೂನಿಯರ್ ಕೈಗೆ ಕೊಡಿ. ಜೋರಾಗಿ ಓದಲಿ. ಎಲ್ಲಿ ತಡವರಿಸಿದ ಅಂತ ನನಗೂ ಬರೆಯಿರಿ.